ಜಾಲತಾಣದ ಖಾತೆ ಕೈಕೊಟ್ಟರೆ ಚಟ್ನಿಪುಡಿಯ ವ್ಯಾಪಾರ ನಿಲ್ಲಬೇಕೇ?

ಪ್ರಶ್ನೆ: “ಮಾನ್ಯರೇ, ನಾನು ದಾವಣಗೆರೆಯ ಗೃಹಿಣಿ, ವಯಸ್ಸು 46. ನಾಲ್ಕು ವರ್ಷಗಳಿಂದ ನಾನು ಮತ್ತು ನನ್ನ ನಾದಿನಿ ಮನೆಯಲ್ಲೇ ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿ ಹಾಗೂ ಖಡಕ್ ಜೋಳದ ರೊಟ್ಟಿ ಮಾಡಿ ಆನ್‌ಲೈನ್ ಆರ್ಡರ್ ಮೇಲೆ ಕಳಿಸುತ್ತಿದ್ದೇವೆ. ಸಹಾಯಕ್ಕೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಆಹಾರ ಸುರಕ್ಷತಾ ನೋಂದಣಿ ಮಾಡಿಸಿದ್ದೇವೆ. ಇಷ್ಟು ದಿನ ಮಗಳು ಸಾಮಾಜಿಕ ಜಾಲತಾಣದಲ್ಲಿ ವಿಡಿಯೊ ಹಾಕುತ್ತಿದ್ದಳು, ಆರ್ಡರ್ ಅಲ್ಲಿಂದಲೇ ಬರುತ್ತಿತ್ತು. ಒಂದು ವಿಡಿಯೊವನ್ನು ಲಕ್ಷಕ್ಕೂ ಹೆಚ್ಚು ಜನ ನೋಡಿದರು, ಆ ತಿಂಗಳು ರಾತ್ರಿಯೆಲ್ಲ ಪ್ಯಾಕ್ ಮಾಡಿದೆವು. ಆಮೇಲೆ ನೋಡುವವರು ಕಡಿಮೆಯಾಗುತ್ತ ಬಂದರು. ಕಳೆದ ಶ್ರಾವಣದಲ್ಲಿ ಕಾರಣವನ್ನೇ ತಿಳಿಸದೆ ಖಾತೆ ಮೂರು ವಾರ ಬಂದ್ ಆಯಿತು, ಹಬ್ಬದ ವ್ಯಾಪಾರ ಹೋಯಿತು. ಈಗ ಮಗಳು ಕೆಲಸಕ್ಕೆ ಬೆಂಗಳೂರು ಸೇರಿದ್ದಾಳೆ. ನನಗೆ ವಿಡಿಯೊ ಮಾಡಲು ಬರುವುದಿಲ್ಲ, ಮನಸ್ಸೂ ಇಲ್ಲ. ಒಬ್ಬರು ತಿಂಗಳಿಗೆ 15,000 ರೂಪಾಯಿ ಕೊಟ್ಟರೆ ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು 40,000ಕ್ಕೆ ವೆಬ್‌ಸೈಟ್ ಮಾಡಿಕೊಟ್ಟು ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುವ ಭರವಸೆ ಕೊಡುತ್ತಾರೆ. ನಮಗೆ ತಿಂಗಳಿಗೆ 60-70 ಆರ್ಡರ್ ಇವೆ. ಸರಾಸರಿ ಆರ್ಡರ್ 500 ರೂಪಾಯಿ, ಅದರಲ್ಲಿ ಸಾಮಗ್ರಿ, ಕೂಲಿ, ಪ್ಯಾಕಿಂಗ್‌ಗೆ 310, ಕೊರಿಯರ್‌ಗೆ 80 ಹೋಗುತ್ತದೆ. ಪುಣೆ, ಹೈದರಾಬಾದಿನಿಂದಲೂ ಕೇಳುತ್ತಾರೆ. ನನ್ನ ಬಳಿ ಇರುವುದು ಆರ್ಡರ್ ಬರೆದಿಟ್ಟ ಎರಡು ನೋಟ್‌ಬುಕ್ ಮಾತ್ರ, ಅದರಲ್ಲಿ ಸುಮಾರು 700 ವಿಳಾಸಗಳಿರಬಹುದು. ಜಾಲತಾಣ ಬಿಟ್ಟರೆ ಈ ವ್ಯಾಪಾರ ಬೆಳೆಯುವುದುಂಟೇ?”

ಉತ್ತರ: ಬೆಳೆಯುತ್ತದೆ. ಆದರೆ ವಿಡಿಯೊ ಓಡಿದ ತಿಂಗಳಿನಂತೆ ಒಮ್ಮೆಲೇ ಬೆಳೆಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಬೆರೆತಿವೆ. ಗಿರಾಕಿಗಳು ನಿಮ್ಮನ್ನು ಹುಡುಕಿಕೊಂಡು ಬರುತ್ತಿದ್ದ ಏಕೈಕ ದಾರಿ ನಿಮ್ಮ ಕೈಯಲ್ಲಿಲ್ಲ ಎಂಬುದು ಒಂದು. ಆ ದಾರಿಯನ್ನು ನಡೆಸುತ್ತಿದ್ದ ಮಗಳು ಈಗ ಜೊತೆಯಲ್ಲಿಲ್ಲ, ಆ ಕೆಲಸ ನಿಮಗೆ ಒಗ್ಗುವುದೂ ಇಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ನೀವು ಸಂಕೋಚಪಡಬೇಕಾಗಿಲ್ಲ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಸಣ್ಣ ಉದ್ದಿಮೆದಾರರ ಜೊತೆ ಕೆಲಸ ಮಾಡುತ್ತ ನಾನು ಕಂಡಿರುವಂತೆ, ಚೆನ್ನಾಗಿ ನಡೆಯುತ್ತಿರುವ ಎಷ್ಟೋ ತಿನಿಸಿನ ವ್ಯಾಪಾರಗಳ ಒಡತಿಯರು ಒಂದು ವಿಡಿಯೊವನ್ನೂ ಮಾಡಿದವರಲ್ಲ. ಮೊದಲನೆಯ ಆತಂಕ ಮಾತ್ರ ನಿಜವಾದದ್ದು, ಅದನ್ನು ವಿವರವಾಗಿ ನೋಡೋಣ.

ನೋಡುವವರು ಕಡಿಮೆಯಾದದ್ದಕ್ಕೆ, ಖಾತೆ ಬಂದ್ ಆದದ್ದಕ್ಕೆ ನಿಮ್ಮದೇ ಏನೋ ತಪ್ಪಿರಬೇಕು ಎಂದು ನಿಮಗೆ ಅನಿಸಿರಬಹುದು. ಹಾಗೇ ಆಗಿರಬೇಕೆಂದೇನೂ ಇಲ್ಲ. ಜಾಲತಾಣಗಳ ಆದಾಯದ ಮೂಲ ಜಾಹೀರಾತು. ಜನರನ್ನು ಹೆಚ್ಚು ಹೊತ್ತು ಪರದೆಯ ಮುಂದೆ ಕೂರಿಸುವುದೇ ಅವುಗಳ ಲೆಕ್ಕಾಚಾರ, ಹಾಗಾಗಿ ಯಾರಿಗೆ ಯಾವ ವಿಡಿಯೊ ಕಾಣಬೇಕೆಂಬುದನ್ನು ಅವುಗಳ ಸೂತ್ರವೇ ನಿರ್ಧರಿಸುತ್ತದೆ. ನಿಮ್ಮನ್ನು ಅನುಸರಿಸುತ್ತಿರುವವರಿಗೂ ನಿಮ್ಮ ವಿಡಿಯೊ ಕಂಡೇ ತೀರುತ್ತದೆಂಬ ಭರವಸೆ ಇಲ್ಲ. ಆ ಸೂತ್ರ ಬದಲಾದಾಗ ನೋಡುವವರ ಸಂಖ್ಯೆಯೂ ಬದಲಾಗುತ್ತದೆ, ಅದರಲ್ಲಿ ನಿಮ್ಮ ಪುಡಿಯ ರುಚಿಗೆ ಪಾತ್ರವಿಲ್ಲ. ಇನ್ನು ಇಡೀ ವೇದಿಕೆಯೇ ನಿಂತುಹೋದ ಸಂದರ್ಭಗಳೂ ಇವೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ ಹಲವು ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ಲಕ್ಷಾಂತರ ಅನುಯಾಯಿಗಳನ್ನು ಗಳಿಸಿದ್ದವರಿಗೆ ಆ ಜನರನ್ನು ಮತ್ತೆ ತಲುಪುವ ಯಾವ ದಾರಿಯೂ ಉಳಿಯಲಿಲ್ಲ. 2021ರ ಅಕ್ಟೋಬರ್ 4ರಂದು ತಾಂತ್ರಿಕ ದೋಷದಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ನಿಂತಿದ್ದವು. ಮೂರೂ ಒಂದೇ ಕಂಪನಿಯವು ಎಂಬುದನ್ನು ನೆನಪಿಟ್ಟುಕೊಳ್ಳಿ, ಅದು ಮುಂದೆ ಮತ್ತೊಮ್ಮೆ ಬರುತ್ತದೆ.

ಎರಡನೆಯದಾಗಿ, ನೋಡಿದವರೆಲ್ಲರೂ ಗಿರಾಕಿಗಳಲ್ಲ. ನಿಮ್ಮೂರಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಅಂಗಡಿ ಹಾಕಿದವರ ಮುಂದೆ ಸಾವಿರಾರು ಜನ ಹಾದುಹೋಗುತ್ತಾರೆ, ಕೆಲವರು ನಿಂತು ಕೊಳ್ಳುತ್ತಾರೆ, ಜಾತ್ರೆ ಮುಗಿದ ಮೇಲೆ ಅವರಲ್ಲಿ ಯಾರಿಗೂ ಆ ಅಂಗಡಿಯವನ ಮನೆ ಗೊತ್ತಿರುವುದಿಲ್ಲ. ಲಕ್ಷ ಜನ ನೋಡಿದ ನಿಮ್ಮ ವಿಡಿಯೊ ತಂದದ್ದು ಅಂಥ ಜನರನ್ನು. ಅವರು ಮನರಂಜನೆಗೆಂದು ಪರದೆ ಸರಿಸುತ್ತಿದ್ದವರು, ಚಟ್ನಿಪುಡಿ ಮುಗಿದಿದೆಯೆಂದು ಹುಡುಕುತ್ತಿದ್ದವರಲ್ಲ. ನಿಮ್ಮ ನೋಟ್‌ಬುಕ್ ತೆರೆದು ಆ ತಿಂಗಳ ಆರ್ಡರ್‌ಗಳನ್ನು ನೋಡಿ, ಅವರಲ್ಲಿ ಎಷ್ಟು ಮಂದಿ ಎರಡನೆಯ ಸಲ ತರಿಸಿದ್ದಾರೆಂದು ಎಣಿಸಿ. ನಿಮ್ಮ ಸಮಸ್ಯೆಯ ಕೀಲು ಆ ಒಂದು ಸಂಖ್ಯೆಯಲ್ಲಿದೆ. ಚಟ್ನಿಪುಡಿಯಂಥ ಪದಾರ್ಥದಲ್ಲಿ ಮೊದಲ ಆರ್ಡರ್ ಬರೀ ಪರಿಚಯವಷ್ಟೇ, ಸಂಪಾದನೆ ಶುರುವಾಗುವುದು ಎರಡನೆಯ ಆರ್ಡರ್‌ನಿಂದ.

ಇದನ್ನು ನಿಮ್ಮದೇ ಲೆಕ್ಕದಲ್ಲಿ ತೋರಿಸುತ್ತೇನೆ. 500 ರೂಪಾಯಿಯ ಆರ್ಡರ್‌ನಲ್ಲಿ ಖರ್ಚು ಕಳೆದು ನಿಮಗೆ ಉಳಿಯುವುದು 110 ರೂಪಾಯಿ. ತಿಂಗಳಿಗೆ 15,000 ಕೇಳುವವರಿಗೆ ಆ ಹಣವನ್ನು ದುಡಿದುಕೊಡಲೆಂದೇ ನೀವು 137 ಹೊಸ ಆರ್ಡರ್ ಪಡೆಯಬೇಕು, ಅಂದರೆ ಈಗಿರುವುದರ ಸುಮಾರು ಎರಡು ಪಟ್ಟು. ಆಗಲೂ ನಿಮಗೆ ಉಳಿಯುವುದು ದುಡಿಮೆಯ ಆಯಾಸ ಮಾತ್ರ. 40,000ದ ವೆಬ್‌ಸೈಟ್ ತನ್ನ ಖರ್ಚನ್ನು ತೀರಿಸಲು 364 ಆರ್ಡರ್ ಬೇಕು. ಇದಕ್ಕೆ ಪ್ರತಿಯಾಗಿ ನೋಟ್‌ಬುಕ್‌ನ 700 ಮನೆಗಳಲ್ಲಿ ಮೂರನೆಯ ಒಂದು ಭಾಗ, ಅಂದರೆ ಸುಮಾರು 230 ಮನೆಗಳು ಎರಡು ತಿಂಗಳಿಗೊಮ್ಮೆ ತರಿಸಿದರೂ ತಿಂಗಳಿಗೆ 115 ಆರ್ಡರ್ ಆಗುತ್ತದೆ. ಹೊಸಬರು ಒಬ್ಬರೂ ಬರದೆ ಆಗುವ ಬೆಳವಣಿಗೆ ಇದು. ಮೂರನೆಯ ಒಂದು ಭಾಗ ಬಂದೇ ಬರುತ್ತದೆಂದು ನಾನು ಖಾತರಿ ಕೊಡುತ್ತಿಲ್ಲ, ಅದು ಗುರಿ. ಆದರೆ ಈ ಗುರಿಯ ಹಿಂದೆ ಹೋಗಲು ತಗಲುವ ಖರ್ಚು ಫೋನ್ ಬಿಲ್ಲಿನಷ್ಟು. “ನನ್ನ ಬಳಿ ಇರುವುದು ನೋಟ್‌ಬುಕ್ ಮಾತ್ರ” ಎಂದು ಬರೆದಿದ್ದೀರಿ. ನಾಲ್ಕು ವರ್ಷಗಳಲ್ಲಿ ನೀವು ಗಳಿಸಿದ ಆಸ್ತಿಯೇ ಅದು.

ಆದ್ದರಿಂದ ಮೊದಲ ಕೆಲಸ ನೋಟ್‌ಬುಕ್ಕನ್ನು ಪಟ್ಟಿಯಾಗಿ ಮಾಡುವುದು. ಮಗಳು ಊರಿಗೆ ಬಂದಾಗ ಒಂದೆರಡು ದಿನ ಕೂತು ಹೆಸರು, ಊರು, ಫೋನ್ ಸಂಖ್ಯೆ, ಏನು ತರಿಸಿದರು, ಕೊನೆಯ ಸಲ ಯಾವಾಗ ತರಿಸಿದರು ಎಂಬ ಐದು ಅಂಕಣಗಳನ್ನು ಎಕ್ಸೆಲ್ ಅಥವಾ ಗೂಗಲ್ ಶೀಟಿನಲ್ಲಿ ತುಂಬಲಿ. ಅದರ ಒಂದು ಪ್ರತಿ ಮುದ್ರಿಸಿ ಬೀರುವಿನಲ್ಲಿಡಿ. ಐದನೆಯ ಅಂಕಣವೇ ಬಹಳ ಮುಖ್ಯ. ನಾಲ್ಕು ಜನರ ಮನೆಯಲ್ಲಿ ಕಾಲು ಕಿಲೋ ಪುಡಿ ಸುಮಾರಾಗಿ ಎಷ್ಟು ವಾರ ಬರುತ್ತದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮುಗಿಯುವ ಹೊತ್ತಿಗೆ ಸರಿಯಾಗಿ ಹೋದ ಒಂದು ಸಂದೇಶವನ್ನು ಗಿರಾಕಿ ನೆರವೆಂದು ಭಾವಿಸುತ್ತಾರೆ. ದಿನಕ್ಕೊಂದರಂತೆ ಹೋದದ್ದನ್ನು ಕಿರಿಕಿರಿಯೆಂದು ತಿಳಿದು ನಿಮ್ಮ ಸಂಖ್ಯೆಯನ್ನೇ ಬ್ಲಾಕ್ ಮಾಡುತ್ತಾರೆ. ತಿಂಗಳಿಗೊಂದು, ಹಬ್ಬವಿದ್ದರೆ ಎರಡು, ಅದಕ್ಕಿಂತ ಹೆಚ್ಚು ಬೇಡ. ಬರೆಯುವುದೂ ನೀವು ಮಾತಾಡುವ ಹಾಗೇ ಇರಲಿ: ಚಳ್ಳಕೆರೆ ಕಡೆಯ ಹೊಸ ಶೇಂಗಾ ಬಂದಿದೆ, ಈ ವಾರ ಹುರಿಯುತ್ತಿದ್ದೇವೆ, ಬೇಕಾದವರು ಬುಧವಾರದೊಳಗೆ ತಿಳಿಸಿದರೆ ಶುಕ್ರವಾರ ಕಳಿಸುತ್ತೇವೆ. ಇಷ್ಟರಲ್ಲೇ ಎಲ್ಲವೂ ಇದೆ.

ಇದಕ್ಕೆ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಅನುಕೂಲಕರ, ಆದರೆ ಅದರ ಮಿತಿಗಳನ್ನು ತಿಳಿದಿರಿ. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ತಲುಪಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಸಂಖ್ಯೆಗಳಷ್ಟೇ ಹಿಡಿಯುತ್ತವೆ, ಮತ್ತು ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಹಾಗಾಗಿ ಪ್ರತಿ ಪಾರ್ಸೆಲ್‌ನಲ್ಲೂ ನಿಮ್ಮ ಸಂಖ್ಯೆ ಮುದ್ರಿಸಿದ ಚೀಟಿ ಹೋಗಲಿ, ಇದನ್ನು ಉಳಿಸಿಕೊಳ್ಳಿ ಎಂಬ ಒಂದು ಸಾಲು ಇರಲಿ. ಗ್ರೂಪ್ ಮಾಡಿ ಎಲ್ಲರನ್ನೂ ಅದರಲ್ಲಿ ಸೇರಿಸುವ ಆಲೋಚನೆ ಬಂದಿದ್ದರೆ ಬಿಟ್ಟುಬಿಡಿ. ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುವುದು ಹೆಣ್ಣುಮಕ್ಕಳಿಗೆ ಮುಜುಗರದ ಸಂಗತಿ. ಜನರ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಬಳಸಬಾರದೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಮೊದಲ ಸಂದೇಶದಲ್ಲೇ ಕೇಳಿಬಿಡಿ, ಬೇಡವೆಂದವರ ಹೆಸರನ್ನು ತೆಗೆದುಹಾಕಿ. ಒಮ್ಮೆಲೇ ನಿಂತುಹೋದ, ಒಂದೇ ಕಂಪನಿಯ ಆ ಮೂರರಲ್ಲಿ ವಾಟ್ಸ್‌ಆ್ಯಪ್ ಕೂಡ ಒಂದು ಎಂದು ಮೇಲೆ ಹೇಳಿದ್ದೆ. ಅದನ್ನು ಅಂಚೆಯವನಂತೆ ಬಳಸಿಕೊಳ್ಳಿ, ಆದರೆ ಪಟ್ಟಿ ಮಾತ್ರ ಅದರ ಹೊರಗೆ, ನಿಮ್ಮ ಬಳಿ ಇರಬೇಕು. ನಾಳೆ ಅದೂ ನಿಂತರೆ ಫೋನ್ ಮಾಡಬಹುದು. ವಯಸ್ಸಾದ ಗಿರಾಕಿಗಳಿಗೆ ಫೋನ್ ಕರೆಯೇ ಹೆಚ್ಚು ಇಷ್ಟ ಎಂಬುದು ನನ್ನ ಅನುಭವ. ಆದರೆ ಕಂಪನಿಗಳ ಮೂಲಕ ರಾಶಿಗಟ್ಟಲೆ ಎಸ್‌ಎಂಎಸ್ ಕಳಿಸುವ ಗೋಜಿಗೆ ಹೋಗಬೇಡಿ. ಅದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಪ್ರತ್ಯೇಕ ನೋಂದಣಿ ಬೇಕು, ಈ ಗಾತ್ರದ ವ್ಯಾಪಾರಕ್ಕೆ ಅದು ಹೊರೆ.

ಮರುಖರೀದಿಯ ಮಾತು ಬಂದಾಗ ಸರಕಿನ ಮಾತನ್ನೂ ಆಡಲೇಬೇಕು, ಏಕೆಂದರೆ ಎರಡನೆಯ ಆರ್ಡರ್ ತಪ್ಪುವುದಕ್ಕೆ ಪ್ರಚಾರದ ಕೊರತೆಗಿಂತ ಕಮಟು ವಾಸನೆ ಹೆಚ್ಚು ಸಲ ಕಾರಣವಾಗಿರುತ್ತದೆ. ಶೇಂಗಾದ ತೂಕದಲ್ಲಿ ಅರ್ಧದ ಹತ್ತಿರ ಎಣ್ಣೆಯೇ ಇದೆ. ಗುರೆಳ್ಳು, ಅಗಸೆಯಲ್ಲೂ ಎಣ್ಣೆಯ ಪ್ರಮಾಣ ಕಡಿಮೆಯೇನಲ್ಲ. ಹುರಿದು ಪುಡಿ ಮಾಡಿದಾಗ ಆ ಎಣ್ಣೆಗೆ ಗಾಳಿ ತಾಗುವ ಮೈ ಹೆಚ್ಚಾಗುತ್ತದೆ, ಬೆಳಕು ಮತ್ತು ಬಿಸಿ ಸೇರಿದರೆ ಬೇಗ ಕೆಡುತ್ತದೆ. ಮೂರರಲ್ಲಿ ಅಗಸೆಯ ಎಣ್ಣೆಯೇ ಬಹಳ ಸೂಕ್ಷ್ಮ. ನೀವು ಎಲ್ಲಕ್ಕೂ ಒಂದೇ ಬಗೆಯ ಪಾರದರ್ಶಕ ಪ್ಲಾಸ್ಟಿಕ್ ಚೀಲ ಬಳಸುತ್ತಿದ್ದರೆ, ಕನಿಷ್ಠ ಅಗಸೆ ಪುಡಿಗಾದರೂ ಬೆಳಕು ತೂರದ, ಗಾಳಿಯಾಡದ ಪದರುಗಳಿರುವ ಪೌಚ್‌ಗೆ ಬದಲಾಯಿಸಿ. ಅದಕ್ಕೆ ಒಂದೆರಡು ರೂಪಾಯಿ ಹೆಚ್ಚಾದರೆ ಬೆಲೆಯಲ್ಲಿ ಸೇರಿಸಿ. ಬೇಸಿಗೆಯಲ್ಲಿ ಚಿಕ್ಕ ಬ್ಯಾಚ್ ಮಾಡಿ, ತಯಾರಿಸಿದ ದಿನಾಂಕ ದೊಡ್ಡದಾಗಿ ಕಾಣಲಿ. ಆರ್ಡರ್ ಬರುವ ಮುನ್ನ ಮಾಡಿಟ್ಟು ಆಮೇಲೆ ಮಾರಾಟಕ್ಕೆ ಓಡುವವರು ಈ ಪದಾರ್ಥದಲ್ಲಿ ಸೋಲುತ್ತಾರೆ. ಮೊದಲೇ ಆರ್ಡರ್ ತೆಗೆದುಕೊಂಡು ವಾರಕ್ಕೆರಡು ದಿನ ಹುರಿಯುವ ಪದ್ಧತಿ ನಿಮಗೆ ಒಪ್ಪುತ್ತದೆ. ಅದೇ ನಿಮ್ಮ ಸಂದೇಶಕ್ಕೂ ಒಂದು ಕಾರಣ ಕೊಡುತ್ತದೆ.

ಖಡಕ್ ರೊಟ್ಟಿಯ ವಿಷಯ ಬೇರೆ. ಅದು ಕೆಡುವುದು ನಿಧಾನ, ಆದರೆ ಮುರಿಯುತ್ತದೆ, ಮತ್ತು ತೂಕಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬಂದ ಸಂಖ್ಯೆಯನ್ನೂ ನಿಜವಾದ ತೂಕವನ್ನೂ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತವೆ. 30 ಸೆಂ.ಮೀ. ಉದ್ದ, 30 ಅಗಲ, 12 ಎತ್ತರದ ರೊಟ್ಟಿ ಪೆಟ್ಟಿಗೆಯಲ್ಲಿ ಒಂದು ಕಿಲೋ ಸರಕಿದ್ದರೂ ಲೆಕ್ಕಕ್ಕೆ ಬರುವುದು 2.16 ಕಿಲೋ. ನಿಮ್ಮ 80 ರೂಪಾಯಿ ಸರಾಸರಿಯ ಒಳಗೆ ಪುಡಿಯ ಪಾರ್ಸೆಲ್‌ಗಳು ರೊಟ್ಟಿಯ ನಷ್ಟವನ್ನು ಹೊರುತ್ತಿರುವ ಸಾಧ್ಯತೆ ಇದೆ. ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ. ರೊಟ್ಟಿಯನ್ನು ದಾವಣಗೆರೆ, ಹರಿಹರ, ಚಿತ್ರದುರ್ಗದ ಸುತ್ತಮುತ್ತ ಮಾತ್ರ ಮಾರಿ ದೂರದೂರಿಗೆ ಪುಡಿ ಮಾತ್ರ ಕಳಿಸುವುದು ನನಗೆ ಸರಿಯೆನಿಸುತ್ತದೆ. ಸ್ಪೀಡ್ ಪೋಸ್ಟ್ ದರವನ್ನೂ ನಿಮ್ಮ ಅಂಚೆ ಕಚೇರಿಯಲ್ಲಿ ಕೇಳಿ ಹೋಲಿಸಿ ನೋಡಿ. ಖಾಸಗಿ ಕೊರಿಯರ್ ಹೋಗದ ಹಳ್ಳಿಗಳಿಗೂ ಅದು ತಲುಪುತ್ತದೆ. ಮಾಲು ತಲುಪಿದ ಮೇಲೆ ಹಣ ಎಂಬ ಪದ್ಧತಿಯನ್ನು ಹೊಸಬರಿಗೆ ಕೊಡಬೇಡಿ. ಒಂದು ಪಾರ್ಸೆಲ್ ತಿರಸ್ಕೃತವಾದರೆ ಹೋಗುವ, ಬರುವ ಸಾಗಣೆಯೆಂದು 160 ರೂಪಾಯಿ ಕೈಬಿಟ್ಟುಹೋಗಬಹುದು, ಅಂದರೆ ಒಂದೂವರೆ ಆರ್ಡರ್‌ನ ಉಳಿತಾಯ. ಯುಪಿಐ ಮೂಲಕ ಮುಂಗಡ ಪಡೆಯಿರಿ. ಹಣ ಬಂದದ್ದನ್ನು ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ನಂಬದೆ ನಿಮ್ಮ ಬ್ಯಾಂಕ್ ಖಾತೆಯಲ್ಲೇ ಖಚಿತಪಡಿಸಿಕೊಳ್ಳಿ, ನಕಲಿ ಸ್ಕ್ರೀನ್‌ಶಾಟಿನ ಮೋಸ ಸಣ್ಣ ವ್ಯಾಪಾರಿಗಳನ್ನೇ ಹುಡುಕಿಕೊಂಡು ಬರುತ್ತದೆ.

ಇನ್ನು ವೆಬ್‌ಸೈಟ್. ಅದು ಬೇಕು, ಆದರೆ ಈಗಲೇ ಅಲ್ಲ, 40,000ಕ್ಕಂತೂ ಅಲ್ಲ. ಗೂಗಲ್‌ನಲ್ಲಿ ಮೊದಲ ಸ್ಥಾನವನ್ನು ಯಾರೂ ಖಾತರಿಪಡಿಸಲಾರರು ಎಂದು ಗೂಗಲ್ ಕಂಪನಿಯೇ ವ್ಯಾಪಾರಿಗಳಿಗೆ ಎಚ್ಚರಿಸಿದೆ. ಆ ಭರವಸೆ ಕೊಟ್ಟವರಿಗೆ ಅಷ್ಟರಿಂದಲೇ ಬೇಡವೆನ್ನಬಹುದು. ವೆಬ್‌ಸೈಟ್ ಇದ್ದಮಾತ್ರಕ್ಕೆ ಜನ ಬರುತ್ತಾರೆಂಬುದೂ ತಪ್ಪು ಕಲ್ಪನೆ. ಹುಡುಕುವವನ ಪ್ರಶ್ನೆಗೆ ಅಲ್ಲಿ ಉತ್ತರ ಇದ್ದರೆ ಮಾತ್ರ ಬರುತ್ತಾರೆ, ಅದೂ ಹಲವು ತಿಂಗಳ ನಂತರ. ಆದರೆ ಬಂದವರ ಗುಣ ಬೇರೆ: ಅವರು ಚಟ್ನಿಪುಡಿ ಬೇಕೆಂದೇ ಬಂದವರು. ನಿಮಗೆ ಫೋನಿನಲ್ಲಿ ಜನ ಪದೇ ಪದೇ ಕೇಳುವ ಪ್ರಶ್ನೆಗಳನ್ನು ಒಂದು ತಿಂಗಳು ಬರೆದಿಡಿ. ಬೆಳ್ಳುಳ್ಳಿ ಹಾಕದ್ದು ಸಿಗುತ್ತದೆಯೇ, ಖಾರ ಎಷ್ಟಿರುತ್ತದೆ, ಮಕ್ಕಳಿಗೆ ಆಗುತ್ತದೆಯೇ, ಎಷ್ಟು ದಿನ ಇಡಬಹುದು, ಬಣ್ಣ ಬೆರೆಸುತ್ತೀರಾ ಎಂಬಂಥವು. ಪ್ರತಿ ಪುಡಿಗೂ ಒಂದು ಪುಟ, ಆ ಪುಟದಲ್ಲಿ ಈ ಉತ್ತರಗಳು, ನಿಮ್ಮ ಒಲೆ, ಒರಳು, ಕೆಲಸದವರ ನಿಜವಾದ ಚಿತ್ರಗಳು. ಇಷ್ಟಿದ್ದರೆ ಸಾಕು, ಅಲಂಕಾರ ಬೇಡ. ಹುಡುಕುವವರು ಕನ್ನಡ ಲಿಪಿಯಲ್ಲೂ ಟೈಪ್ ಮಾಡುತ್ತಾರೆ, ರೋಮನ್ ಲಿಪಿಯಲ್ಲಿ ಚಟ್ನಿ ಎಂಬುದನ್ನು ನಾಲ್ಕು ಥರ ಬರೆಯುತ್ತಾರೆ, ಶೇಂಗಾವನ್ನು ಕಡಲೆಕಾಯಿ ಎಂದೂ ಹುಡುಕುತ್ತಾರೆ. ಆ ಎಲ್ಲ ಹೆಸರುಗಳೂ ಪುಟದಲ್ಲಿ ಸಹಜವಾಗಿ ಬರಲಿ.

ವೆಬ್‌ಸೈಟ್ ಯಾರಿಂದ ಮಾಡಿಸಿದರೂ ಒಂದು ಷರತ್ತು ಬಿಡಬೇಡಿ. ವೆಬ್ ವಿಳಾಸ, ಅಂದರೆ ಡೊಮೇನ್, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ನಿಮ್ಮ ಫೋನ್ ಸಂಖ್ಯೆಯಲ್ಲಿ ನೋಂದಣಿಯಾಗಬೇಕು. ಮಾಡಿಕೊಟ್ಟವರೇ ತಮ್ಮ ಹೆಸರಿನಲ್ಲಿ ಅದನ್ನು ಇಟ್ಟುಕೊಂಡು, ವರ್ಷದ ನಂತರ ಬಾಯಿಗೆ ಬಂದಷ್ಟು ನವೀಕರಣ ಶುಲ್ಕ ಕೇಳಿದ ಪ್ರಕರಣಗಳನ್ನು ನೋಡಿದ್ದೇನೆ. ಹಾಗಾದರೆ ಒಂದು ಪರಾಧೀನತೆಯಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಸಿಕ್ಕಿದಂತಾಗುತ್ತದೆ. ಆನ್‌ಲೈನ್ ಮಾರಾಟಕ್ಕೆ ಕಾನೂನು ಕೇಳುವುದನ್ನೂ ಪುಟದಲ್ಲಿ ಹಾಕಿಸಿ. ಪ್ಯಾಕೆಟ್‌ನ ಮೇಲಿರುವಂತೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇರಬೇಕು. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೂರು ಆಲಿಸುವವರ ಹೆಸರು, ಸಂಪರ್ಕವನ್ನು ಕೊಡಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕೆಂಬುದು ಆ ನಿಯಮಗಳ ಅಪೇಕ್ಷೆ. ಆ ಹೆಸರು ನಿಮ್ಮದೇ ಆಗಿರಬಹುದು. ವೆಬ್‌ಸೈಟ್‌ನಲ್ಲೇ ಹಣ ಪಡೆಯುವ ವ್ಯವಸ್ಥೆ, ಅಂದರೆ ಪೇಮೆಂಟ್ ಗೇಟ್‌ವೇ, ಹಾಕಿಸಿದರೆ ಸಾಮಾನ್ಯವಾಗಿ ನೂರಕ್ಕೆ ಸುಮಾರು 2 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ ಹೋಗುತ್ತದೆ, ನಿಮ್ಮ 500 ರೂಪಾಯಿ ಆರ್ಡರ್‌ನಲ್ಲಿ 12 ರೂಪಾಯಿಯಷ್ಟು. ಶುರುವಿನಲ್ಲಿ ಯುಪಿಐ ಕ್ಯೂಆರ್ ಕೋಡ್ ಸಾಕು.

ಗೂಗಲ್ ನಕ್ಷೆಯಲ್ಲಿ ವ್ಯಾಪಾರದ ಹೆಸರು ಸೇರಿಸುವುದು ಉಚಿತ, ಉಪಯುಕ್ತ. ಆದರೆ ಕೇವಲ ಆನ್‌ಲೈನ್ ಮಾರಾಟ ಮಾಡುವವರಿಗೆ ಗೂಗಲ್ ಅದನ್ನು ಅನುಮತಿಸುವುದಿಲ್ಲ. ಗಿರಾಕಿಗಳು ಮನೆಗೇ ಬಂದು ಕೊಂಡೊಯ್ಯುವ ವ್ಯವಸ್ಥೆ ಇದ್ದರೆ ಅಥವಾ ಊರೊಳಗೆ ನೀವೇ ತಲುಪಿಸುತ್ತಿದ್ದರೆ ಮಾತ್ರ ಸೇರಿಸಿ. ತಲುಪಿಸುವವರು ಮನೆಯ ವಿಳಾಸ ಕಾಣಿಸದೆ ವ್ಯಾಪ್ತಿಯನ್ನಷ್ಟೇ ತೋರಿಸಬಹುದು, ಇದು ಮನೆಯಿಂದ ದುಡಿಯುವ ಹೆಣ್ಣುಮಕ್ಕಳಿಗೆ ಒಳ್ಳೆಯ ಅನುಕೂಲ. ಅಭಿಪ್ರಾಯ ಬರೆಯಿರೆಂದು ಗಿರಾಕಿಗಳನ್ನು ಕೇಳುವುದು ಸರಿ. ಬರೆದವರಿಗೆ ರಿಯಾಯಿತಿ ಕೊಡುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ.

ಹೊಸ ಗಿರಾಕಿಗಳು ಎಲ್ಲಿಂದ ಬರಬೇಕೆಂಬುದಕ್ಕೆ ನನ್ನ ಉತ್ತರ ನಿಮಗೆ ಅನಿರೀಕ್ಷಿತವಾಗಿರಬಹುದು: ನಿಮ್ಮ ಊರಿನ ರಸ್ತೆಗಳಿಂದ. ಆನ್‌ಲೈನ್ ವ್ಯಾಪಾರದ ಗಿರಾಕಿ ಆನ್‌ಲೈನಿನಲ್ಲೇ ಸಿಗಬೇಕೆಂಬ ನಿಯಮವೇನೂ ಇಲ್ಲ. ಪುಣೆ, ಬೆಂಗಳೂರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 48 ದಾವಣಗೆರೆ, ಚಿತ್ರದುರ್ಗ, ಹಿರಿಯೂರುಗಳ ಮೇಲೆಯೇ ಹಾದುಹೋಗುತ್ತದೆ. ಊಟಕ್ಕೆ ನಿಂತ ಪ್ರಯಾಣಿಕರು ಹೊರಗಿನವರು, ತಿನಿಸು ಕೊಂಡೊಯ್ಯುವ ಮನಸ್ಸಿನವರು. ದಾವಣಗೆರೆಗೆ ಬೆಣ್ಣೆದೋಸೆ ತಿನ್ನಲೆಂದೇ ಬರುವವರಿದ್ದಾರೆ. ಇಲ್ಲಿನ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿಗೆ ಬೇರೆ ಜಿಲ್ಲೆಗಳಿಂದ ಬಂದ ವಿದ್ಯಾರ್ಥಿಗಳು ಹಾಸ್ಟೆಲು, ಪಿ.ಜಿ.ಗಳಲ್ಲಿದ್ದಾರೆ, ಅವರಿಗೆ ಅನ್ನಕ್ಕೆ ಕಲಸಿಕೊಳ್ಳುವ ಪುಡಿ ನಿಜವಾಗಿ ಬೇಕು, ರಜೆಗೆ ಊರಿಗೆ ಹೋಗುವಾಗ ಒಯ್ಯುತ್ತಾರೆ. ನಾಲ್ಕೈದು ಹೋಟೆಲು, ಬೇಕರಿ, ಹೆದ್ದಾರಿ ಬದಿಯ ಮಳಿಗೆಗಳ ಗಲ್ಲಾಪೆಟ್ಟಿಗೆಯ ಬಳಿ 100 ಗ್ರಾಂನ ಚಿಕ್ಕ ಪ್ಯಾಕೆಟ್ ಇಡಿ. ಪ್ಯಾಕೆಟ್ ಹಿಂದೆ, ಮುಗಿದರೆ ಮನೆಗೇ ಕಳಿಸುತ್ತೇವೆ ಎಂಬ ಸಾಲು, ನಿಮ್ಮ ಸಂಖ್ಯೆ ಮತ್ತು ಆರ್ಡರ್ ಮಾಡುವ ಕ್ಯೂಆರ್ ಕೋಡ್ ಇರಲಿ. ಅಂಗಡಿಯವರಿಗೆ ಕಮಿಷನ್ ಹೋಗಿ ಆ ಪ್ಯಾಕೆಟ್‌ನಲ್ಲಿ ಬಹಳ ಉಳಿಯುವುದಿಲ್ಲ, ಆದರೆ ಅದರ ಕೆಲಸ ಲಾಭ ತರುವುದಲ್ಲ, ನಿಮ್ಮ ಪಟ್ಟಿಗೆ ಹೊಸ ಹೆಸರು ಸೇರಿಸುವುದು.

ಇದರಲ್ಲಿ ಅಪಾಯ ಉದ್ರಿಯದು. ಮಾರಾಟವಾದ ಮೇಲೆ ಕೊಡುತ್ತೇನೆಂದವರು ತಿಂಗಳುಗಟ್ಟಲೆ ಕೊಡದಿದ್ದರೆ ನಿಮ್ಮ ಬಂಡವಾಳ ಅಲ್ಲೇ ಸಿಕ್ಕಿಬೀಳುತ್ತದೆ, ಹಳೆಯ ಪ್ಯಾಕೆಟ್ ಕಪಾಟಿನಲ್ಲೇ ಕುಳಿತು ಹೆಸರು ಕೆಡುತ್ತದೆ. ಒಬ್ಬರಿಗೆ 20 ಪ್ಯಾಕೆಟ್‌ಗಿಂತ ಹೆಚ್ಚು ಕೊಡಬೇಡಿ, ಹದಿನೈದು ದಿನಕ್ಕೊಮ್ಮೆ ಹೋಗಿ ಹಣ ಪಡೆದು ಉಳಿದದ್ದನ್ನು ಬದಲಾಯಿಸಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಮಾಡಿಸಿಕೊಳ್ಳಿ, ಅದು ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಹಣ ಕೇಳುವ ಮಧ್ಯವರ್ತಿಗಳ ಪುಟಗಳಿಗೆ ಹೋಗಬೇಡಿ. ನೋಂದಾಯಿತ ಕಿರು ಉದ್ಯಮಕ್ಕೆ ಖರೀದಿದಾರರು 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಿರು, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಪರಿಚಯದ ಅಂಗಡಿಯವರ ಮೇಲೆ ಅದನ್ನು ಪ್ರಯೋಗಿಸಲು ಯಾರಿಗೂ ಮನಸ್ಸಾಗದು, ಆದರೆ ದೊಡ್ಡ ಮಳಿಗೆಯೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗ ಆ ಮಾತನ್ನು ಬರಹದಲ್ಲಿ ಸೇರಿಸಬಹುದು.

ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಮಾರುಕಟ್ಟೆಗಳನ್ನು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಮಿಷನ್, ಸಾಗಣೆ, ವಾಪಸಾತಿ ಕಳೆದರೆ ನಿಮ್ಮ 110 ರೂಪಾಯಿಯಲ್ಲಿ ಏನೂ ಉಳಿಯದಿರಬಹುದು, ಮೇಲಾಗಿ ಕೊಂಡವರ ಫೋನ್ ಸಂಖ್ಯೆ ನಿಮ್ಮ ಪಟ್ಟಿಗೆ ಸೇರುವುದಿಲ್ಲ. ಸರ್ಕಾರದ ಬೆಂಬಲದಿಂದ 2021ರ ಕೊನೆಯಲ್ಲಿ ಸ್ಥಾಪನೆಯಾಗಿ 2022ರಲ್ಲಿ ಬೆಂಗಳೂರು ಸೇರಿದಂತೆ ಐದು ನಗರಗಳಲ್ಲಿ ಪ್ರಯೋಗ ಆರಂಭಿಸಿದ ಒಎನ್‌ಡಿಸಿ ಎಂಬ ಮುಕ್ತ ಆನ್‌ಲೈನ್ ಮಾರಾಟ ಜಾಲ ಒಂದೇ ವೇದಿಕೆಯ ಹಿಡಿತವನ್ನು ತಪ್ಪಿಸುವ ಉದ್ದೇಶದ್ದು, ಮುಂದೆ ಪರಿಶೀಲಿಸಬಹುದು. ಸದ್ಯಕ್ಕೆ ಎರಡನ್ನೂ ಬದಿಗಿಡಿ.

ಪುಣೆ, ಹೈದರಾಬಾದಿನ ಆರ್ಡರ್‌ಗಳ ಬಗ್ಗೆ ಎಚ್ಚರದ ಮಾತೊಂದಿದೆ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ ಎಂಬುದನ್ನು ಕೇಳಿ ಅನೇಕರು ನಿಶ್ಚಿಂತರಾಗಿರುತ್ತಾರೆ. ಆದರೆ ತೆರಿಗೆಗೆ ಒಳಪಡುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ, ಕೆಲವು ಕರಕುಶಲ ವಸ್ತುಗಳಂಥ ವಿನಾಯಿತಿ ಬಿಟ್ಟು, ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಬೇಕೆಂದು 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೇ ಕಲಂ ಹೇಳುತ್ತದೆ. ನಿಮ್ಮ ಒಂದೊಂದು ಪದಾರ್ಥಕ್ಕೂ ತೆರಿಗೆ ಇದೆಯೇ, ಎಷ್ಟು ಎಂಬುದನ್ನು ನಿಮ್ಮೂರಿನ ತೆರಿಗೆ ಸಲಹೆಗಾರರೊಬ್ಬರಲ್ಲಿ ಬರಹದಲ್ಲಿ ಕೇಳಿಕೊಳ್ಳಿ. ಹೊರರಾಜ್ಯದ ಆರ್ಡರ್ ತಿಂಗಳಿಗೆ ಬೆರಳೆಣಿಕೆಯಷ್ಟಿದ್ದರೆ ನೋಂದಣಿಯ ಲೆಕ್ಕಪತ್ರ, ಸಲಹೆಗಾರರ ಶುಲ್ಕವೇ ಅದರ ಲಾಭವನ್ನು ನುಂಗುತ್ತದೆ. ಅಲ್ಲಿಯವರೆಗೆ ಕರ್ನಾಟಕದೊಳಗೆ ಮಾತ್ರ ಕಳಿಸುತ್ತೇವೆ ಎಂದು ವಿನಯದಿಂದ ಹೇಳುವುದು ತಪ್ಪಲ್ಲ. ಬೆಂಗಳೂರೊಂದರಲ್ಲೇ ಉತ್ತರ, ಮಧ್ಯ ಕರ್ನಾಟಕದ ಅದೆಷ್ಟು ಮನೆಗಳಿವೆ!

ಹಳೆಯ ಖಾತೆಯನ್ನು ಮುಚ್ಚಬೇಕಾಗಿಲ್ಲ. ಫೋನ್ ಸಂಖ್ಯೆ, ಪದಾರ್ಥಗಳ ಚಿತ್ರ, ಬೆಲೆಪಟ್ಟಿ ಹಾಕಿ ಹಾಗೇ ಬಿಡಿ, ಹೆಸರು ಕೇಳಿ ಹುಡುಕಿದವರಿಗೆ ಸಿಗಲಿ. ಜಾಹೀರಾತಿಗೆ ಹಣ ಹಾಕುವ ಪ್ರಶ್ನೆಯನ್ನು ಆರು ತಿಂಗಳು ಮುಂದೂಡಿ. ಆಗ ನಿಮಗೆ ಒಬ್ಬ ಗಿರಾಕಿ ವರ್ಷಕ್ಕೆ ಎಷ್ಟು ಸಲ ತರಿಸುತ್ತಾರೆಂಬುದು ಗೊತ್ತಿರುತ್ತದೆ. ನಾಲ್ಕು ಸಲವಾದರೆ ಅವರಿಂದ ವರ್ಷಕ್ಕೆ 440 ರೂಪಾಯಿ ಉಳಿತಾಯ, ಹಾಗಾದರೆ ಹೊಸ ಗಿರಾಕಿಯನ್ನು ತರಲು 100-150 ರೂಪಾಯಿ ಖರ್ಚು ಮಾಡಬಹುದು. ಒಂದೇ ಸಲವಾದರೆ ಯಾವ ಜಾಹೀರಾತೂ ನಿಮಗೆ ನಷ್ಟವೇ.

ಮಗಳಿಗೂ ಒಂದು ಕೆಲಸ ಉಳಿದಿದೆ. ತಿಂಗಳಿಗೊಮ್ಮೆ ಭಾನುವಾರ ಅರ್ಧ ಗಂಟೆ ಅವಳು ಬೆಂಗಳೂರಿನಿಂದಲೇ ಆ ಶೀಟನ್ನು ತೆರೆದು, ಎರಡು ತಿಂಗಳಿಂದ ತರಿಸದವರ ಹೆಸರುಗಳನ್ನು ಬೇರ್ಪಡಿಸಿ ನಿಮಗೆ ಕಳಿಸಲಿ. ಅವರಲ್ಲಿ ದಿನಕ್ಕೆ ಐದು ಮಂದಿಗೆ ನೀವೇ ಫೋನ್ ಮಾಡಿ, ಮಾರುವ ಮಾತಿಗಿಂತ ಮೊದಲು ಕಳೆದ ಸಲದ ಪುಡಿ ಹೇಗಿತ್ತು, ಖಾರ ಹೆಚ್ಚಾಯಿತೇ, ಪ್ಯಾಕೆಟ್ ಸರಿಯಾಗಿ ತಲುಪಿತೇ ಎಂದು ಕೇಳಿ. ಅವರು ಹೇಳಿದ್ದನ್ನು ಶೀಟಿನ ಆರನೆಯ ಅಂಕಣದಲ್ಲಿ ಬರೆಯಿರಿ. ಹೊಸಬರು ಯಾರೇ ಆರ್ಡರ್ ಕೊಟ್ಟರೂ ನಮ್ಮ ಬಗ್ಗೆ ಹೇಗೆ ತಿಳಿಯಿತು ಎಂದು ಕೇಳಿ ಏಳನೆಯದರಲ್ಲಿ ಬರೆಯಿರಿ. ದೀಪಾವಳಿಯ ಹೊತ್ತಿಗೆ ಆ ಎರಡು ಅಂಕಣಗಳನ್ನು ನೋಡಿದರೆ, ವೆಬ್‌ಸೈಟ್ ಮೊದಲೋ, ಹೆದ್ದಾರಿಯ ಮಳಿಗೆಗಳು ಮೊದಲೋ ಎಂಬುದನ್ನು ನಿರ್ಧರಿಸಲು ಬೇಕಾದ ಮಾಹಿತಿ ನಿಮ್ಮ ಬಳಿಯೇ ಇರುತ್ತದೆ.